ಬಿಲ್ ಬರುವ ಮೊದಲೇ ಒಂದಿಷ್ಟು ಖರ್ಚು



ಡಯಾಲಿಸಿಸ್‌ಗೆ ನೆರವು ಕೇಳಿ ಕಾಯುತ್ತಿರುವವರು ಇರುವಾಗ ವೈದ್ಯಕೀಯ ನಿಧಿಯ ಹಣ ಶಾಲಾ ಮಕ್ಕಳ ತಪಾಸಣೆಗೆ ಏಕೆ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು. ನನಗೆ ತಿಳಿದಷ್ಟು ಹೇಳುತ್ತೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ, ಹುಡುಗರಲ್ಲಿ 31. ಇದು ಜ್ವರದಂತೆ ಕಣ್ಣಿಗೆ ಕಾಣುವುದಿಲ್ಲ. ಹುಡುಗಿ ತರಗತಿಯಲ್ಲಿ ತೂಕಡಿಸುತ್ತಾಳೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ. ಮನೆಯವರು ಸೋಮಾರಿ ಅನ್ನುತ್ತಾರೆ. ಬೆರಳಿನ ಒಂದು ಹನಿ ರಕ್ತದಲ್ಲಿ ಹಿಮೋಗ್ಲೋಬಿನ್ ಗೊತ್ತಾಗುತ್ತದೆ. 12 ವರ್ಷ ದಾಟಿದ ಹುಡುಗಿಯರಲ್ಲಿ ಅದು 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ ಕೊಡುವ ಯೋಜನೆ ಇದೆ. ಮಾತ್ರೆ ಉಚಿತ, ಅದಕ್ಕೆ ನಮ್ಮ ದುಡ್ಡು ಬೇಡ. ಕೊರತೆ ಇರುವುದು ಮಾತಿನಲ್ಲಿ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದ ತಾಯಿಯ ಕೈಗೆ ಮರಾಠಿ ಚೀಟಿ ಕೊಟ್ಟರೆ ಏನು ಪ್ರಯೋಜನ? ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ. ಇದು ಸಹಜ ಎಂದು ಯಾರಾದರೂ ಕನ್ನಡದಲ್ಲಿ ಹೇಳದಿದ್ದರೆ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ಊಟವಾದ ಮೇಲೆ ನುಂಗಲಿ, ಜೊತೆಗೆ ಚಹಾ ಬೇಡ, ಊಟದಲ್ಲಿ ನಿಂಬೆಹಣ್ಣು ಇರಲಿ. ಇಷ್ಟು ಹೇಳಲು ಐದು ನಿಮಿಷ ಸಾಕು.

ಡಯಾಲಿಸಿಸ್‌ಗೂ ಇದಕ್ಕೂ ಏನು ಸಂಬಂಧ? ಮೂತ್ರಪಿಂಡ ಕೆಡಲು ದೊಡ್ಡ ಕಾರಣಗಳಲ್ಲಿ ಸಕ್ಕರೆ ಕಾಯಿಲೆ ಒಂದು. ನಮ್ಮ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಸುತ್ತಲಿನ ಆರು ಹಳ್ಳಿಗಳ ತಾಯಂದಿರ ಅಧ್ಯಯನ ಆರಂಭಿಸಿ, ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುತ್ತ ಬಂದರು. ಕೂಸುಗಳು ನೋಡಲು ಸಣಕಲು, ಆದರೆ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು. ತಾಯಂದಿರಲ್ಲಿ ಬಿ12 ಕೊರತೆ ವ್ಯಾಪಕ. ಮುಂದೆ ಸಕ್ಕರೆ ಕಾಯಿಲೆ ಬರುವ ಅಪಾಯಕ್ಕೆ ಬುನಾದಿ ಗರ್ಭದಲ್ಲೇ ಬೀಳುತ್ತದೆ ಎಂಬುದು ಅವರ ವಾದ. ಅದೇ ಮಕ್ಕಳು ಹದಿಹರೆಯಕ್ಕೆ ಬಂದಾಗ, 2012ರಲ್ಲಿ, ಅವರಿಗೆ ಬಿ12 ಕೊಡುವ ಪ್ರಯೋಗ ಶುರುಮಾಡಿದರು. ಗರ್ಭಿಣಿಯಾದ ಮೇಲೆ ಸರಿಪಡಿಸಲು ಹೊರಟರೆ ತಡವಾಗುತ್ತದೆ ಎಂಬುದೇ ಅದರ ಹಿಂದಿನ ಯೋಚನೆ.

ಇನ್ನು ಹುಡುಗರ ವಿಷಯ. ಮಹಾರಾಷ್ಟ್ರದಲ್ಲಿ ಗುಟ್ಖಾ 2012ರಲ್ಲೇ ನಿಷೇಧವಾಗಿದೆ, ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಆದರೂ ಪಾನ್ ಟಪರಿ ಎಲ್ಲಿದೆ ಎಂದು ಎಂಟನೇ ತರಗತಿಯ ಹುಡುಗನನ್ನು ಕೇಳಿ ನೋಡಿ!

ರೋಗಿಗಳ ಹಣಕ್ಕೆ ಕೈ ಹಾಕುವುದು ಬೇಡ, ತಪಾಸಣೆಗೆ ಪ್ರತ್ಯೇಕ ಖಾತೆ ಇರಲಿ ಎಂಬುದು ನನ್ನ ಸಲಹೆ. ಚೆಕ್ಕಿನ ಹಿಂಬದಿಯಲ್ಲಿ ‘ಶಾಲಾ ತಪಾಸಣೆ’ ಎಂದು ಬರೆದರೆ ಹಣ ಅದಕ್ಕೇ ಜಮೆಯಾಗುವಂತೆ ಏರ್ಪಾಡು ಮಾಡಬಹುದು. ಹಣ ಕೊಡಲಾಗದವರು ಒಂದು ಶನಿವಾರ ಬೆಳಿಗ್ಗೆ ಕೊಡಿ. ಕನ್ನಡ ಬಲ್ಲ ಮಹಿಳಾ ವೈದ್ಯರು, ನರ್ಸ್‌ಗಳು ತುರ್ತಾಗಿ ಬೇಕು. ಮುಟ್ಟಿನ ವಿಷಯವನ್ನು ತಾಯಿ-ಮಗಳು ನನ್ನಂಥವನ ಮುಂದೆ ಬಾಯಿ ಬಿಡುವುದಿಲ್ಲ. ಹೆಸರು ಕೊಡಬೇಕಾದದ್ದು ಸಂಘದ ಕಚೇರಿಯಲ್ಲಿ.