ಅರ್ಧ ಮಾತ್ರೆಯ ಲೆಕ್ಕ

ಹಿರಿಯರ ಮಾತ್ರೆಯನ್ನು ಮುರಿದು ಅರ್ಧವನ್ನೋ ಕಾಲನ್ನೋ ಮಗುವಿಗೆ ಕೊಡುವುದು ನಮ್ಮ ಮನೆಗಳ ಹಳೆಯ ರೂಢಿ. ಸಣ್ಣಪುಟ್ಟ ಜ್ವರಕ್ಕೂ ಅದು ಸರಿಯಾದ ಕ್ರಮವಲ್ಲ. ಔಷಧಕ್ಕೆ ಮಣಿಯದ ಕ್ಷಯದಲ್ಲಂತೂ ಅದು ಪ್ರಾಣದೊಡನೆ ಆಡುವ ಆಟವೇ ಸರಿ.

ಕ್ಷಯಾಣುವನ್ನು ರಾಬರ್ಟ್ ಕಾಖ್ ಜಗತ್ತಿಗೆ ಪರಿಚಯಿಸಿದ್ದು 1882ರಲ್ಲಿ. ಅದನ್ನು ಎದುರಿಸಬಲ್ಲ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಒಂದೇ ಮದ್ದನ್ನು ಕೊಟ್ಟರೆ ರೋಗಾಣು ಅದನ್ನು ತಾಳಿಕೊಳ್ಳಲು ಕಲಿಯುತ್ತದೆಂಬುದು ಕೆಲವೇ ವರ್ಷಗಳಲ್ಲಿ ತಿಳಿದುಬಂತು. ಐಸೋನಿಯಾಜಿಡ್, ರಿಫಾಂಪಿಸಿನ್ ಎಂಬ ಎರಡು ಪ್ರಧಾನ ಔಷಧಗಳಿಗೂ ಜಗ್ಗದ ಕ್ಷಯವನ್ನು ಇಂದು ಬಹುಔಷಧನಿರೋಧಕ ಕ್ಷಯವೆನ್ನುತ್ತಾರೆ. ಅದಕ್ಕೆ ತುತ್ತಾಗುವ ಅನೇಕ ಮಕ್ಕಳಲ್ಲಿ ರೋಗ ಪತ್ತೆಯಾಗುವುದೇ ಇಲ್ಲ. ಎಳೆಯ ಮಕ್ಕಳು ಕಫವನ್ನು ಕೆಮ್ಮಿ ಉಗುಳಲಾರರು. ಉಗುಳಿದರೂ ಅದರಲ್ಲಿ ರೋಗಾಣು ವಿರಳ. ಆದುದರಿಂದ ಮನೆಯಲ್ಲಿ ಯಾರಿಗೆ ಎಂಥ ಕ್ಷಯವಿತ್ತು ಎಂಬುದನ್ನು ನೋಡಿಯೇ ವೈದ್ಯರು ಎಷ್ಟೋ ವೇಳೆ ಚಿಕಿತ್ಸೆಯನ್ನು ನಿರ್ಧರಿಸಬೇಕಾಗುತ್ತದೆ.

ಇನ್ನು ಪ್ರಮಾಣದ ಮಾತು. ಎರಡು ಮೂರು ವರ್ಷದ ಮಗುವಿನ ದೇಹ ಹಲವು ಔಷಧಗಳನ್ನು ಹಿರಿಯರಿಗಿಂತ ಬೇಗ ಹೊರಹಾಕುತ್ತದೆ. ಆದಕಾರಣ ತೂಕದ ಪ್ರತಿ ಕಿಲೋಗ್ರಾಮಿಗೆ ಅದಕ್ಕೆ ಹೆಚ್ಚೇ ಬೇಕು. ಸಾಮಾನ್ಯ ಕ್ಷಯದಲ್ಲಿ ಮಕ್ಕಳಿಗೆ 5 ಮಿಲಿಗ್ರಾಂ ಇದ್ದ ಐಸೋನಿಯಾಜಿಡ್ ಪ್ರಮಾಣವನ್ನು 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 10ಕ್ಕೆ ಏರಿಸಿದ್ದು ಈ ಕಾರಣದಿಂದಲೇ. ಆದರೆ ಹಸುಗೂಸಿನ ಯಕೃತ್ತು, ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಅದೇ ಮದ್ದು ಸಂಚಯವಾಗಿ ವಿಷವಾದೀತು. ಕಡಿಮೆಯಾದರೆ ರೋಗಾಣುವಿಗೆ ಪಾಠ, ಹೆಚ್ಚಾದರೆ ಮಗುವಿಗೆ ಪೆಟ್ಟು.

ಆ ಪೆಟ್ಟು ಎಂಥದು? ಹಿಂದೆ ತಿಂಗಳುಗಟ್ಟಲೆ ಚುಚ್ಚುತ್ತಿದ್ದ ಕ್ಯಾನಮೈಸಿನ್ ಅನೇಕರ ಕಿವಿಯನ್ನು ಮರಳಿ ಬಾರದಂತೆ ಕೆಡಿಸಿತು. ಹಿರಿಯನು ಕಿವುಡಾದರೂ ಕಲಿತ ನುಡಿ ಉಳಿದೀತು. ಮಾತು ಕಲಿಯುವ ಮುನ್ನವೇ ಕಿವಿ ಹೋದ ಕೂಸಿಗೆ ತಾಯ್ನುಡಿಯ ಬಾಗಿಲೇ ಮುಚ್ಚಿದಂತೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮದ್ದನ್ನು ಕೈಬಿಡಲು ಹೇಳಿತು. ಈಗ ಬಾಯಿಂದ ನುಂಗುವ ಔಷಧಗಳಿಗೇ ಪ್ರಾಶಸ್ತ್ಯ.

ಹೊಸ ಮದ್ದುಗಳೂ ನಿರುಪದ್ರವಿಗಳಲ್ಲ. ಲಿನೆಜೋಲಿಡ್ ರಕ್ತ ಹುಟ್ಟುವ ಮಜ್ಜೆಯನ್ನೂ ನರಗಳನ್ನೂ ದೃಷ್ಟಿಯನ್ನೂ ಬಾಧಿಸಬಹುದು. ಬೆಡಾಕ್ವಿಲಿನ್ ಹೃದಯದ ಲಯವನ್ನು ಏರುಪೇರು ಮಾಡೀತು. ಕಣ್ಣು ಮಂಜಾಯಿತು, ಅಂಗಾಲು ಜುಮ್ಮೆನ್ನುತ್ತದೆ ಎಂದು ಹೇಳಲು ಮಗುವಿಗೆ ಬಾರದು. ಆದ್ದರಿಂದ ರಕ್ತಪರೀಕ್ಷೆ, ಹೃದಯದ ಇ.ಸಿ.ಜಿ., ಕಣ್ಣಿನ ತಪಾಸಣೆ ಇವೇ ಅದರ ಪರವಾಗಿ ಮಾತನಾಡಬೇಕು.

ಕಹಿಯ ಸಮಸ್ಯೆಯೂ ಚಿಕ್ಕದಲ್ಲ. ಪುಡಿಮಾಡಿ ಕುಡಿಸಿದ ಮಾತ್ರೆಯನ್ನು ಮಗು ಉಗುಳಿದರೆ ಒಳಗೆ ಹೋದುದೆಷ್ಟೆಂದು ಯಾರು ಬಲ್ಲರು? ಇದನ್ನು ಮನಗಂಡೇ ನೀರಿನಲ್ಲಿ ಕದಡುವ ಚಿಕ್ಕ ಮಾತ್ರೆಗಳನ್ನು ಮಾಡಿದ್ದಾರೆ. ಬೆಡಾಕ್ವಿಲಿನ್‌ನ ಹಿರಿಯರ ಮಾತ್ರೆ 100 ಮಿಲಿಗ್ರಾಂ, ಮಕ್ಕಳದು 20. ಎಲ್ಲ ವಯಸ್ಸಿನ ಮಕ್ಕಳಿಗೂ ಈ ಮದ್ದನ್ನು ಕೊಡಬಹುದೆಂದು 2022ರಲ್ಲಿ ಒಪ್ಪಿಗೆ ದೊರೆಯಿತು.

ಚಿಕಿತ್ಸೆ ಫಲಿಸಿದರೆ ಮಗು ಮೈತುಂಬಿಕೊಳ್ಳುತ್ತದೆ. ತೂಕ ಏರಿದರೆ ಪ್ರಮಾಣವೂ ಬದಲಾಗಬೇಕು. ತಕ್ಕಡಿಯ ಮುಳ್ಳು ಸರಿದುದನ್ನು ಕಂಡು ಹಿಗ್ಗುವ ತಾಯಿ, ಮನೆಗೆ ಹೊರಡುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಲಿ: ‘ಇನ್ನು ಮುಂದೆ ಎಷ್ಟು ಮಾತ್ರೆ?’