ತೋಟದ ಉಪಕರಣಗಳಲ್ಲಿ ಲಿಥಿಯಂ ಬ್ಯಾಟರಿಗಳ ಮರುಬಳಕೆ

ವಿದ್ಯುತ್ ವಾಹನ, ಲ್ಯಾಪ್‌ಟಾಪ್ ಮುಂತಾದವುಗಳಿಂದ ಹೊರತೆಗೆದ ಲಿಥಿಯಂ-ಅಯಾನ್ ಬ್ಯಾಟರಿಯ ಕೋಶಗಳನ್ನು ಪರೀಕ್ಷಿಸಿ, ಮರುಜೋಡಿಸಿ, ಹುಲ್ಲು ಕತ್ತರಿಸುವ ಯಂತ್ರ, ಬೇಲಿ ಸವರುವ ಯಂತ್ರ, ಸ್ಪ್ರೇಯರ್ ಮೊದಲಾದ ತೋಟದ ಉಪಕರಣಗಳಿಗೆ ಶಕ್ತಿಮೂಲವಾಗಿ ಬಳಸಲಾಗುತ್ತದೆ. ಇಂತಹ ಬಳಕೆಯನ್ನು ಬ್ಯಾಟರಿಯ ‘ಎರಡನೆಯ ಬಾಳು’ ಎನ್ನಬಹುದು.

ಹಿನ್ನೆಲೆ

ವಾಹನದ ಬ್ಯಾಟರಿಯ ಸಾಮರ್ಥ್ಯವು ಮೂಲದ ಶೇಕಡಾ 70ರಿಂದ 80ಕ್ಕೆ ಇಳಿದಾಗ ಅದನ್ನು ಸಾಮಾನ್ಯವಾಗಿ ಬದಲಾಯಿಸಲಾಗುತ್ತದೆ. ಒಂದೆರಡು ಗಂಟೆಗಳಲ್ಲಿ ಮುಗಿಯುವ ತೋಟದ ಕೆಲಸಕ್ಕೆ ಉಳಿದ ಸಾಮರ್ಥ್ಯ ಸಾಕಾಗಬಹುದು. ಅಷ್ಟೇ ಶಕ್ತಿಯ ಸೀಸ-ಆಮ್ಲ ಬ್ಯಾಟರಿಗಿಂತ ಇದರ ತೂಕವೂ ಕಡಿಮೆ.

ಜೋಡಣೆ

ನಿಕಲ್, ಕೋಬಾಲ್ಟ್ ಅಥವಾ ಮ್ಯಾಂಗನೀಸ್ ಆಧಾರಿತ ಕೋಶವೊಂದರ ವಿಭವಾಂತರ ಸುಮಾರು 3.6ರಿಂದ 3.75 ವೋಲ್ಟ್, ಲಿಥಿಯಂ ಐರನ್ ಫಾಸ್ಫೇಟ್ ಕೋಶದ್ದು 3.2 ವೋಲ್ಟ್. ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ ವಿಭವಾಂತರವೂ, ಸಮಾಂತರವಾಗಿ ಜೋಡಿಸಿದರೆ ಧಾರಣಾ ಸಾಮರ್ಥ್ಯವೂ ಹೆಚ್ಚುತ್ತದೆ.

ಉದಾಹರಣೆಗೆ, 2010ರಲ್ಲಿ ಮಾರಾಟಕ್ಕೆ ಬಂದ ನಿಸ್ಸಾನ್ ಲೀಫ್ ಕಾರಿನ 24 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯಲ್ಲಿ 48 ಘಟಕಗಳಿದ್ದವು. ಪ್ರತಿ ಘಟಕದ ವಿಭವಾಂತರ ಸುಮಾರು 7.5 ವೋಲ್ಟ್. ಇಂತಹ 5 ಘಟಕಗಳನ್ನು ಸರಣಿಯಲ್ಲಿ ಜೋಡಿಸಿದರೆ 37.5 ವೋಲ್ಟ್ ದೊರೆಯುತ್ತದೆ. ಶೇಕಡಾ 70ರಷ್ಟು ಸಾಮರ್ಥ್ಯ ಉಳಿದಿದ್ದರೆ ಸುಮಾರು 1.75 ಕಿಲೋವ್ಯಾಟ್-ಗಂಟೆ ಶಕ್ತಿ ಲಭ್ಯ. ಇದರಿಂದ 1 ಕಿಲೋವ್ಯಾಟ್‌ನ ಹುಲ್ಲು ಕತ್ತರಿಸುವ ಯಂತ್ರ ಸುಮಾರು ಒಂದೂವರೆ ಗಂಟೆ ನಡೆಯಬಲ್ಲದು. ಪೂರ್ಣ ಚಾರ್ಜ್ ಆದಾಗ ಈ ಜೋಡಣೆಯ ವಿಭವಾಂತರ 42 ವೋಲ್ಟ್‌ಗೆ ಏರುವುದರಿಂದ ಯಂತ್ರದ ನಿಯಂತ್ರಕವು ಅದನ್ನು ತಾಳುವಂತಿರಬೇಕು.

ಕೋಶಗಳ ಆಯ್ಕೆ

ಉಳಿದ ಸಾಮರ್ಥ್ಯವೊಂದನ್ನೇ ಅಳೆದರೆ ಸಾಲದು. ಹಳೆಯದಾದಂತೆ ಕೋಶದ ಆಂತರಿಕ ರೋಧವೂ ಹೆಚ್ಚುತ್ತದೆ. 36 ವೋಲ್ಟ್‌ನಲ್ಲಿ 1 ಕಿಲೋವ್ಯಾಟ್ ಪಡೆಯಲು ಸುಮಾರು 28 ಆಂಪಿಯರ್ ಪ್ರವಾಹ ಬೇಕು. ಬ್ಯಾಟರಿಯ ಒಟ್ಟು ರೋಧ 0.1 ಓಮ್ ಇದ್ದರೆ ಸುಮಾರು 78 ವ್ಯಾಟ್ ಶಕ್ತಿಯು ಬ್ಯಾಟರಿಯೊಳಗೇ ಶಾಖವಾಗುತ್ತದೆ. ಆದ್ದರಿಂದ ಲ್ಯಾಪ್‌ಟಾಪ್‌ನಿಂದ ತೆಗೆದ ಕೋಶಗಳು ಸ್ಪ್ರೇಯರ್‌ನಂತಹ ಕಡಿಮೆ ಪ್ರವಾಹದ ಉಪಕರಣಗಳಿಗೆ ಹೆಚ್ಚು ಸೂಕ್ತ. ಸರಣಿ ಜೋಡಣೆಯಲ್ಲಿ ದುರ್ಬಲ ಕೋಶವೇ ಮೊದಲು ಬರಿದಾಗುವುದರಿಂದ, ಸಮಾನ ಸಾಮರ್ಥ್ಯ ಮತ್ತು ರೋಧವುಳ್ಳ ಕೋಶಗಳನ್ನೇ ಒಟ್ಟುಗೂಡಿಸಬೇಕು.

ಸುರಕ್ಷತೆ

ಅತಿಯಾದ ಚಾರ್ಜ್, ಹ್ರಸ್ವಮಂಡಲ ಅಥವಾ ಪೆಟ್ಟಿನಿಂದ ಕೋಶದ ಉಷ್ಣತೆಯು ನಿಯಂತ್ರಣ ಮೀರಿ ಏರಿ ಬೆಂಕಿ ಹೊತ್ತಿಕೊಳ್ಳಬಹುದು.

* ಪ್ರತಿ ಕೋಶದ ವಿಭವಾಂತರವನ್ನು ಗಮನಿಸಿ ಅಗತ್ಯವಿದ್ದಾಗ ಸಂಪರ್ಕ ಕಡಿದುಹಾಕುವ ಬ್ಯಾಟರಿ ನಿರ್ವಹಣಾ ವ್ಯವಸ್ಥೆ ಹಾಗೂ ಫ್ಯೂಸ್ ಅತ್ಯಗತ್ಯ.
* ಉಬ್ಬಿದ, ಸೋರುವ ಅಥವಾ ದೀರ್ಘಕಾಲ ಪೂರ್ತಿ ಬರಿದಾಗಿ ಉಳಿದಿದ್ದ ಕೋಶಗಳನ್ನು ಬಳಸಬಾರದು. ಪೂರ್ತಿ ಬರಿದಾದ ಕೋಶದಲ್ಲಿ ತಾಮ್ರದ ಹಾಳೆ ಕರಗಿ ಒಳಗೇ ಹ್ರಸ್ವಮಂಡಲ ಉಂಟಾಗಬಹುದು.
* ಸೀಸ-ಆಮ್ಲ ಬ್ಯಾಟರಿಯ ಚಾರ್ಜರ್ ಬಳಸಬಾರದು.
* ವಾಹನದ ಪೂರ್ಣ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರುವುದರಿಂದ ಅದನ್ನು ತರಬೇತಿ ಪಡೆದವರೇ ಬಿಚ್ಚಬೇಕು.

ವಿಲೇವಾರಿ

ಎರಡನೆಯ ಬಾಳೂ ಮುಗಿದ ಕೋಶಗಳನ್ನು ಮನೆಯ ಕಸದೊಂದಿಗೆ ಎಸೆಯದೆ ಸಂಸ್ಕರಣಾ ಘಟಕಗಳಿಗೆ ತಲುಪಿಸಬೇಕು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳ ಸಂಗ್ರಹಣೆ ಮತ್ತು ಸಂಸ್ಕರಣೆ ಅಥವಾ ನವೀಕರಣದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.