ಅಡ್ಡಹೆಸರೂ ಡಿ.ಎನ್.ಎ. ಪರೀಕ್ಷೆಯೂ

‘ಇಳಕಲ್ಲ’ ಎಂಬ ಅಡ್ಡಹೆಸರಿನಿಂದ ಇಳಕಲ್ಲಿನಲ್ಲಿ ಯಾರನ್ನು ತಾನೆ ಗುರುತಿಸಬಹುದು? ಅಲ್ಲಿ ಎಲ್ಲರೂ ಇಳಕಲ್ಲಿನವರೇ! ಆ ಊರನ್ನು ಬಿಟ್ಟು ಬೇರೆಡೆ ನೆಲೆಸಿದವನಿಗೆ ಹೊಸ ಊರಿನವರು ಇಟ್ಟ ಗುರುತು ಅದು. ಹುನಗುಂದ, ಬಾದಾಮಿ ಎಂಬ ಅಡ್ಡಹೆಸರುಗಳೂ ಹೀಗೆಯೇ. ಪತ್ತಾರ, ಬಡಿಗೇರ, ಕಂಬಾರ ಎಂಬವು ಕಸುಬನ್ನು ಹೇಳಿದರೆ ಪಾಟೀಲ, ಕುಲಕರ್ಣಿ ಎಂಬವು ಊರಿನ ಅಧಿಕಾರವನ್ನು ಹೇಳುತ್ತವೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಮನೆತನಗಳೂ ಈ ಸೀಮೆಯಲ್ಲಿ ಉಂಟು. ಅವುಗಳ ಮೂಲವನ್ನು ಹೊಲದಲ್ಲಿ ಹುಡುಕಬೇಕೋ ಅಂಗಡಿಯಲ್ಲಿ ಹುಡುಕಬೇಕೋ, ಆಯಾ ಮನೆಯ ಹಿರಿಯರನ್ನೇ ಕೇಳಬೇಕು.

ಈಗ ಜೊಲ್ಲಿನ ಮಾದರಿಯನ್ನು ಕೊಳವೆಯಲ್ಲಿ ತುಂಬಿ ಕಳುಹಿಸಿದರೆ, ಅದರಲ್ಲಿರುವ ಡಿ.ಎನ್.ಎ.ಯನ್ನು ಪರೀಕ್ಷಿಸಿ ಪೂರ್ವಜರ ವಿಷಯ ತಿಳಿಸುವ ಸಂಸ್ಥೆಗಳಿವೆ. ಅಡ್ಡಹೆಸರಿನ ಮೂಲವೂ ಅದರಿಂದ ತಿಳಿಯುವುದೆ?

ನಮ್ಮ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ‘ವೈ’ ಎಂಬುದು ತಂದೆಯಿಂದ ಮಗನಿಗೆ ಮಾತ್ರ, ಹೆಚ್ಚುಕಡಿಮೆ ಇದ್ದಂತೆಯೇ ಇಳಿದುಬರುತ್ತದೆ. ಅಡ್ಡಹೆಸರು ನಡೆಯುವುದೂ ಸಾಮಾನ್ಯವಾಗಿ ಇದೇ ದಾರಿಯಲ್ಲಿ. ಇಂಗ್ಲೆಂಡಿನ ವಿಜ್ಞಾನಿ ಬ್ರಯನ್ ಸೈಕ್ಸ್ ಅವರು ತಮ್ಮದೇ ಅಡ್ಡಹೆಸರುಳ್ಳ 48 ಗಂಡಸರನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅರ್ಧಕ್ಕೆ ತುಸು ಕಡಿಮೆ ಜನರಲ್ಲಿ ಒಂದೇ ಬಗೆಯ ವೈ ವರ್ಣತಂತು ಕಂಡುಬಂದಿತು. ಅವರೆಲ್ಲ ಒಬ್ಬನೇ ಮೂಲಪುರುಷನ ಸಂತತಿಯೆಂದು ಸೈಕ್ಸ್ ತರ್ಕಿಸಿದರು.

ನಮ್ಮಲ್ಲಿ ಈ ಲೆಕ್ಕ ಅಷ್ಟು ಸುಲಭವಲ್ಲ. ಬಡಿಗತನವಿದ್ದ ಊರಿಗೆಲ್ಲ ಒಬ್ಬೊಬ್ಬ ಬಡಿಗೇರನಿದ್ದನು. ಹುನಗುಂದದ ಬಡಿಗೇರನೂ ಬಾದಾಮಿಯ ಬಡಿಗೇರನೂ ಒಂದೇ ವಂಶದವರಾಗಬೇಕಾಗಿಲ್ಲ. ಪಾಟೀಲರು ಲಿಂಗಾಯತರಲ್ಲಿಯೂ ಜೈನರಲ್ಲಿಯೂ ಮರಾಠರಲ್ಲಿಯೂ ಮುಸಲ್ಮಾನರಲ್ಲಿಯೂ ಇದ್ದಾರೆ. ಇದಲ್ಲದೆ, ದತ್ತು ಹೋದ ಮಗನಿಗೆ ಸಾಕಿದ ಮನೆಯ ಹೆಸರೂ ಹೊಲವೂ ದೊರೆಯುತ್ತವೆ. ವೈ ವರ್ಣತಂತು ಮಾತ್ರ ಹೆತ್ತ ತಂದೆಯದು. ಆದುದರಿಂದ ಒಂದೇ ಮನೆತನದ ಇಬ್ಬರ ಪರೀಕ್ಷೆಗಳು ಒಂದಕ್ಕೊಂದು ಹೊಂದದಿದ್ದರೆ, ತೀರಿಹೋದ ಯಾವಳೋ ಮುತ್ತಜ್ಜಿಯ ನಡತೆಯನ್ನು ಶಂಕಿಸುವುದು ಅವಿವೇಕ. ಆ ಕಾಗದ ‘ಹೊಂದಲಿಲ್ಲ’ ಎನ್ನುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ.

ವೈ ಹೇಳುವುದಾದರೂ ಎಷ್ಟು? ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ವಂಶವೃಕ್ಷದಲ್ಲಿ 1024 ಸ್ಥಾನಗಳಿವೆ. ಅಡ್ಡಹೆಸರು ಅವುಗಳಲ್ಲಿ ಒಂದನ್ನು ಮಾತ್ರ ಹಿಡಿದಿದೆ. ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂಬ ಸಾಲು ಯಾವ ಅಡ್ಡಹೆಸರಿನಲ್ಲಿಯೂ ಉಳಿಯದು. ಅದನ್ನು ಉಳಿಸಿರುವುದು ಜೀವಕೋಶದ ಮೈಟೊಕಾಂಡ್ರಿಯಗಳಲ್ಲಿರುವ ಡಿ.ಎನ್.ಎ.; ಅದು ನಮಗೆ ತಾಯಿಯಿಂದ ಬಂದುದು. ಪರೀಕ್ಷೆಯ ನಿಜವಾದ ಸೊಗಸು ಇಲ್ಲಿಯೇ ಎಂದು ನಮಗೆ ತೋರುತ್ತದೆ.

ಮನೆತನವು ಯಾವ ಊರನ್ನು ಬಿಟ್ಟು ಬಂದಿತು, ಅಜ್ಜನ ಅಜ್ಜನ ಹೆಸರೇನು ಎಂಬ ಪ್ರಶ್ನೆಗಳಿಗೆ ಜೊಲ್ಲಿನಲ್ಲಿ ಉತ್ತರವಿಲ್ಲ. ಅದಕ್ಕೆ ಉತ್ತರ ಕರ್ನಾಟಕದಲ್ಲಿ ಹೆಳವರಿದ್ದಾರೆ. ಎತ್ತು ಕಟ್ಟಿಕೊಂಡು ಊರೂರು ತಿರುಗಿ, ಒಕ್ಕಲು ಮನೆಗಳ ವಂಶಾವಳಿಯನ್ನು ಹೇಳಿ ಕಾಳುಕಡಿ ಪಡೆಯುವುದು ಅವರ ಪರಂಪರೆಯ ವೃತ್ತಿ. ಮನೆಯಲ್ಲಿ ಹೊಸದಾಗಿ ಹುಟ್ಟಿದವರ ಹೆಸರನ್ನೂ ಅವರು ತಮ್ಮ ಹೊತ್ತಿಗೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಹೆಳವರು ಬಾಗಿಲಿಗೆ ಬಂದಾಗ ಆ ಹೊತ್ತಿಗೆಯನ್ನು ಓದಿಸಿ, ವಿದ್ಯಾರ್ಥಿಗಳು ತಮ್ಮ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬಹುದು. ಪಕ್ಕದಲ್ಲಿ ತಾಯಿಯ ಕಡೆಯ ಅಜ್ಜಿಯರ ಹೆಸರಿಗೂ ಜಾಗ ಬಿಟ್ಟಿರಲಿ.